ಮರೀನಾಕ್ಕೆ ನೀರಷ್ಟೇ ಸಾಲದು, ನೆಲವೂ ಬೇಕು

ಸಂಪಾದಕರಿಗೆ ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಮರೀನಾ, ಅಂದರೆ ವಿಹಾರದ ದೋಣಿಗಳನ್ನು ಕಟ್ಟಿ ನಿಲ್ಲಿಸುವ ತಂಗುದಾಣ, ಕಟ್ಟುವ ಮಾತು ಆಗಾಗ ಕೇಳಿಬರುತ್ತಲೇ ಇದೆ. ಒಮ್ಮೆ ಪಡುಕೆರೆ ಅಂದರು, ಒಮ್ಮೆ ಬೈಂದೂರು ಅಂದರು. ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯಲ್ಲಿ. ಇಂಥ ಸುದ್ದಿ ಬಂದಾಗಲೆಲ್ಲ ಊರಲ್ಲಿರುವ ಅಣ್ಣ ಪತ್ರಿಕೆಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾನೆ. "ನಿನ್ ದೋಣಿಗೆ ಊರಗೇ ಜಾಗ ಆತ್ತ್ ಕಾಣ್" ಅಂತ ಬರೆಯುತ್ತಾನೆ. ಸುದ್ದಿಯ ಜೊತೆ ಒಂದು ಚಿತ್ರ ಇರುತ್ತದೆ. ನೀಲಿ ನೀರು, ಸಾಲಾಗಿ ನಿಂತ ಬಿಳಿ ದೋಣಿಗಳು, ದಡದಲ್ಲಿ ಹೋಟೆಲು. ಆ ಚಿತ್ರದಲ್ಲಿ ಕಾಣದ ಸಂಗತಿಗಳ ಬಗ್ಗೆ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನೂ ನಮ್ಮ ಮನೆಯವರೂ ಇಪ್ಪತ್ತೆರಡು ವರ್ಷ ಶಿಕಾಗೋದಲ್ಲಿ ಇದ್ದೆವು. ಅಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡೆವು, ಕ್ಯಾಟಲಿನಾ 27 ಅನ್ನುವ ಮಾದರಿ. 1971ರಿಂದ ಈ ಮಾದರಿಯ ಆರು ಸಾವಿರಕ್ಕೂ ಜಾಸ್ತಿ ದೋಣಿಗಳು ತಯಾರಾಗಿವೆ. ಅಮೆರಿಕದಲ್ಲಿ ನಮ್ಮಂಥ ಸಾಮಾನ್ಯ ಸಂಸಾರದವರು ಇಟ್ಟುಕೊಳ್ಳುವ ದೋಣಿ ಇದು. ಉದ್ದ 26 ಅಡಿ 10 ಇಂಚು. ಅಗಲ 8 ಅಡಿ 10 ಇಂಚು. ತೂಕ ಮೂರು ಟನ್ನಿಗಿಂತ ಸ್ವಲ್ಪ ಜಾಸ್ತಿ. ನೀರಿನೊಳಗೆ 4 ಅಡಿ ಇಳಿಯುತ್ತದೆ. ನಮ್ಮಜ್ಜ ಕುಂದಾಪುರದ ಹಂಚು ತುಂಬಿದ ಮಚ್ವೆಯಲ್ಲಿ, ಅಂದರೆ ಸರಕಿನ ಹಾಯಿದೋಣಿಯಲ್ಲಿ, ಹೋಗುತ್ತಿದ್ದವರು. ಹಾಯಿ ಬಿಚ್ಚಿದಾಗ ಬರುವ ಆ ಪಟಪಟ ಶಬ್ದದ ಬಗ್ಗೆ ಅವರು ಹೇಳುತ್ತಿದ್ದದ್ದು ಮಿಶಿಗನ್ ಸರೋವರದ ಮೇಲೆ ನನಗೆ ಅರ್ಥವಾಯಿತು. ದೋಣಿಗೆ 'ಪಂಚಗಂಗಾ' ಅಂತ ಹೆಸರಿಟ್ಟು, ಹಿಂಬದಿಗೆ ಕನ್ನಡದಲ್ಲೇ ಬರೆಸಿದೆವು.

2023ರಲ್ಲಿ ಮಗ ಇರುವ ಕ್ಯಾಲಿಫೋರ್ನಿಯಾಕ್ಕೆ ಹೊರಟೆವು. ದೋಣಿ ಮಾರಿ ಹೋಗಿ, ಸಾಗಿಸುವ ಖರ್ಚಿನಲ್ಲಿ ಅಲ್ಲಿ ಇನ್ನೊಂದು ಬರುತ್ತದೆ ಅಂತ ಗೆಳೆಯರೆಲ್ಲ ಹೇಳಿದರು. ಲೆಕ್ಕ ಸರಿಯೇ ಇತ್ತು. ಆದರೆ ಅದರ ಒಳಗಿನ ಒಂದೊಂದು ಮರದ ಹಲಗೆಯನ್ನೂ ನಮ್ಮ ಮನೆಯವರು ಕೈಯಾರೆ ಉಜ್ಜಿ ಪಾಲಿಶ್ ಮಾಡಿದ್ದರು. ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ.

ಲಾರಿ ಗೊತ್ತು ಮಾಡಿಕೊಟ್ಟ ದಲ್ಲಾಳಿ ಕಾಗದದಲ್ಲಿ ಅಗಲ 8 ಅಡಿ 6 ಇಂಚು ಅಂತ ಬರೆದಿದ್ದ. ನಾವು ಸರಿಯಾಗಿ ಓದದೆ ಸಹಿ ಹಾಕಿದೆವು. ಲಾರಿ ಬಂದ ದಿನ ಚಾಲಕ ಇಳಿದು ಟೇಪು ಹಿಡಿದು ಅಳೆದ. ತಲೆ ಅಲ್ಲಾಡಿಸಿದ. ಅಮೆರಿಕದ ಹೆದ್ದಾರಿಯಲ್ಲಿ ವಿಶೇಷ ಪರವಾನಗಿ ಇಲ್ಲದೆ ಒಯ್ಯಬಹುದಾದ ಅಗಲ 8 ಅಡಿ 6 ಇಂಚು. ನಮ್ಮದು ನಾಲ್ಕೇ ನಾಲ್ಕು ಇಂಚು ಜಾಸ್ತಿ. ಆ ನಾಲ್ಕು ಇಂಚಿಗಾಗಿ ಇಲಿನಾಯ್, ಅಯೋವಾ, ನೆಬ್ರಾಸ್ಕಾ, ವಯೋಮಿಂಗ್, ಯೂಟಾ, ನೆವಾಡಾ, ಕ್ಯಾಲಿಫೋರ್ನಿಯಾ, ಹೀಗೆ ಏಳು ರಾಜ್ಯಗಳ ಪರವಾನಗಿ ಬೇಕಾಯಿತು. ಒಂಬತ್ತು ದಿನ ಕಾದೆವು. ಅಗಲದ ಸರಕು ಅಂದಮೇಲೆ ಕೆಂಪು ಬಾವುಟ, ಹಳದಿ ಫಲಕ ಕಟ್ಟಬೇಕು. ಹೆಚ್ಚಾಗಿ ಹಗಲಲ್ಲಿ ಮಾತ್ರ ಓಡಿಸಬೇಕು. ನಮ್ಮ ದೇಶದಲ್ಲೂ ವಾಹನದ ಅಗಲಕ್ಕೆ 2.6 ಮೀಟರಿನ ಮಿತಿ ಇದೆ, ಹೆಚ್ಚುಕಮ್ಮಿ ಅದೇ ಅಳತೆ. ನಾಳೆ ಯಾರಾದರೂ ಇಷ್ಟೇ ದೊಡ್ಡ ದೋಣಿಯನ್ನು ಶಿರಾಡಿ ಘಾಟಿಯಲ್ಲಿ ಇಳಿಸಿ ಕರಾವಳಿಗೆ ತರುವುದಾದರೆ ಇದೇ ನಾಲ್ಕು ಇಂಚು ಅವರ ದಾರಿಗೂ ಅಡ್ಡ ಬರುತ್ತದೆ.

ದೋಣಿಯನ್ನು ಲಾರಿಗೆ ಹತ್ತಿಸುವ ಮೊದಲು ಹಾಯಿಕಂಬ ಇಳಿಸಬೇಕು. ಕ್ರೇನಿನ ಪಟ್ಟಿ ಕಂಬದ ನಡುವಿಗೆ ಬಿಗಿಯುತ್ತಾರೆ. ಕಂಬವನ್ನು ಹಿಡಿದಿರುವ ಉಕ್ಕಿನ ತಂತಿಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಯಾವ ತಂತಿ ಎಡದ್ದು, ಯಾವುದು ಬಲದ್ದು, ಯಾವುದು ಮುಂದಿನದು ಅಂತ ನಾನು ಬಣ್ಣದ ಟೇಪು ಸುತ್ತಿ ಗುರುತು ಮಾಡಿದೆ. ತಿರುಪುಗಳನ್ನು ಸ್ಟೀಲಿನ ಮಸಾಲೆ ಡಬ್ಬಿಗೆ ಹಾಕಿದೆ, ಒಂದೊಂದು ಬಟ್ಟಲಿಗೆ ಒಂದೊಂದು ಜಾಗದ್ದು. ಕಂಬ ಲಾರಿಯ ಮೇಲೆ ಉಜ್ಜಿ ಗೀರಬಾರದು ಅಂತ ಸುತ್ತಲು ಬಟ್ಟೆ ಬೇಕಾಗಿತ್ತು. ನನ್ನ ಹಳೆಯ ಕಾಟನ್ ಸೀರೆಗಳನ್ನೇ ಸುತ್ತಿದೆ. ಉಟ್ಟು ಉಟ್ಟು ಮೆತ್ತಗಾದ ಸೀರೆಯಷ್ಟು ಒಳ್ಳೆಯ ಹೊದಿಕೆ ಇನ್ನೊಂದಿಲ್ಲ. ಎರಡು ಸಾವಿರ ಮೈಲಿ ದಾಟಿ ಬಂದಮೇಲೂ ಕಂಬದಲ್ಲಿ ಒಂದು ಗೆರೆ ಬಿದ್ದಿರಲಿಲ್ಲ.

ಇನ್ನೊಂದು ಕೆಲಸಕ್ಕೆ ಎರಡು ವಾರ ಹಿಡಿಯಿತು. ಅಮೆರಿಕದ ದೊಡ್ಡ ಸರೋವರಗಳಲ್ಲಿ 1980ರ ದಶಕದ ಕೊನೆಯಿಂದ ಜೀಬ್ರಾ ಮಸಲ್ ಅನ್ನುವ ಚಿಪ್ಪು ಪ್ರಾಣಿ ಹಬ್ಬಿದೆ. ನಮ್ಮ ಪಚ್ಚಿಲೆಯ ಹಾಗೇ ಕಾಣುತ್ತದೆ, ಗಾತ್ರದಲ್ಲಿ ಚಿಕ್ಕದು. ಕೊಳವೆಗಳಲ್ಲಿ ಕೂತರೆ ನೀರೇ ಬಾರದ ಹಾಗೆ ಕಟ್ಟಿಬಿಡುತ್ತದೆ. ಅದನ್ನು ಬೇರೆ ನೀರಿಗೆ ಒಯ್ಯಬಾರದು. ದೋಣಿಯನ್ನು ರಿಪೇರಿಯ ಯಾರ್ಡಿನಲ್ಲಿ ಮರದ ದಿಮ್ಮಿಯ ಮೇಲೆ ಕೂರಿಸಿ, ಉಜ್ಜಿ, ಒಳಗಿನ ನೀರೆಲ್ಲ ಬಸಿದು ಒಣಗಿಸಿದೆವು. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಕೊನೆಯ ದಿನ ಟಾರ್ಚು ಹಿಡಿದು ಮಲಗಿ ನೋಡಿದರೆ ಚುಕ್ಕಾಣಿ ಕೂರುವ ಸಂದಿಯಲ್ಲಿ ಹೆಸರುಕಾಳಿನಷ್ಟು ದೊಡ್ಡ ಚಿಪ್ಪುಗಳು ಸಾಲಾಗಿ ಅಂಟಿಕೊಂಡಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದನ್ನೂ ಕೆರೆದು ತೆಗೆದೆ.

ನಾವು ಕಾರಿನಲ್ಲಿ, ಲಾರಿ ಹೋದ ಹೆದ್ದಾರಿಯಲ್ಲೇ ಬಂದೆವು. ವಯೋಮಿಂಗಿನಲ್ಲಿ ಆ ರಸ್ತೆ 8,640 ಅಡಿ ಎತ್ತರಕ್ಕೆ ಹತ್ತುತ್ತದೆ. ಕಾರೇ ಪಕ್ಕಕ್ಕೆ ಜಗ್ಗುವಷ್ಟು ಗಾಳಿ. ಲಾರಿ ಹೇಗೆ ದಾಟಿತೋ ಅನ್ನುವ ಚಿಂತೆಯಲ್ಲೇ ಬಂದೆ. ಕ್ಯಾಲಿಫೋರ್ನಿಯಾ ಗಡಿಯ ಟ್ರಕೀ ತಪಾಸಣಾ ಕೇಂದ್ರದಲ್ಲಿ ಅದು ಸಿಕ್ಕಿತು. ಅಲ್ಲಿನ ತಪಾಸಣೆಯವಳು ಬರಿಗೈಯಲ್ಲಿ ದೋಣಿಯ ಅಡಿಯನ್ನು ಪೂರ್ತಿ ಸವರಿದಳು. ಮರಿ ಚಿಪ್ಪು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಉಪ್ಪುಕಾಗದದ ಹಾಗೆ ತರಿತರಿ ಸಿಗುತ್ತದೆ ಅಂತ ಹೇಳಿದಳು. ಅವಳ ಬೆರಳು ಚುಕ್ಕಾಣಿಯ ಸಂದಿಗೆ ಹೋದಾಗ ನಾನು ಉಸಿರು ಬಿಗಿ ಹಿಡಿದಿದ್ದೆ. ಪಾಸಾಯಿತು. ಇಷ್ಟೆಲ್ಲ ಕಾವಲಿದ್ದರೂ ಮರುವರ್ಷ, 2024ರ ಅಕ್ಟೋಬರಿನಲ್ಲಿ, ಅದೇ ರಾಜ್ಯದ ಸ್ಟಾಕ್ಟನ್ ಬಂದರಿನಲ್ಲಿ ಗೋಲ್ಡನ್ ಮಸಲ್ ಅನ್ನುವ ಇನ್ನೊಂದು ಜಾತಿ ಸಿಕ್ಕಿತು. ಉತ್ತರ ಅಮೆರಿಕದಲ್ಲೇ ಅದು ಮೊದಲ ಸಲ. ಈ ಮಾತು ನಮ್ಮ ಕರಾವಳಿಗೂ ದೂರದ್ದಲ್ಲ. ದಕ್ಷಿಣ ಅಮೆರಿಕ ಕಡೆಯ ಚಾರು ಮಸಲ್ ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಈಗಾಗಲೇ ಹಬ್ಬಿ, ಅಲ್ಲಿ ಚಿಪ್ಪು ಹೆಕ್ಕಿ ಬದುಕುವವರಿಗೆ ಹೊಡೆತ ಕೊಟ್ಟಿದೆ. ನಮ್ಮ ಅಳಿವೆಗಳಲ್ಲೂ ಮರ್ವಾಯಿ, ಪಚ್ಚಿಲೆ ಹೆಕ್ಕಿ ಸಂಸಾರ ನಡೆಸುವ ಹೆಂಗಸರಿದ್ದಾರೆ. ಹೊರಗಿನ ದೋಣಿಗಳು ಬರುವ ಜಾಗದಲ್ಲಿ ಅವನ್ನು ಎತ್ತಿ ತೊಳೆಯುವ ವ್ಯವಸ್ಥೆ ಮೊದಲು ಆಗಬೇಕು.

ಇನ್ನು ಮರೀನಾ ಹುಡುಕಿದ ಕತೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಬರ್ಕ್ಲಿ, ಎಮರಿವಿಲ್, ರಿಚ್ಮಂಡ್, ಸಾಸಲಿಟೊ, ಅಲಮೇಡಾ ಅಂತ ಹತ್ತಾರು ಕಡೆ ಮರೀನಾಗಳಿವೆ. ನಾವು ಮೊದಲು ಮೆಚ್ಚಿದ್ದು ಗೋಲ್ಡನ್ ಗೇಟ್ ಸೇತುವೆ ನೇರ ಕಾಣುವ ಒಂದನ್ನು. ಬೆಳಿಗ್ಗೆ ಹತ್ತಕ್ಕೆ ಹೋದಾಗ ನೀರು ಕನ್ನಡಿಯ ಹಾಗಿತ್ತು. ಅಲ್ಲೇ ಮುಂಗಡ ಕೊಡಲು ಹೊರಟಿದ್ದೆವು. ಪಕ್ಕದ ದೋಣಿಯಲ್ಲಿದ್ದ ಹಿರಿಯರೊಬ್ಬರು, "ಸಂಜೆ ನಾಲ್ಕಕ್ಕೆ ಮತ್ತೆ ಬಂದು ನೋಡಮ್ಮ" ಅಂದರು. ಹೋದೆವು. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು, ತಣ್ಣಗಿನ ಸಾಗರದ ಗಾಳಿಯನ್ನು ಆ ಸೇತುವೆಯ ಸಂದಿನಿಂದ ಎಳೆಯುತ್ತದೆ. ಮಧ್ಯಾಹ್ನದ ಮೇಲೆ 20-25 ನಾಟ್, ಅಂದರೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದ ಗಾಳಿ ಇಲ್ಲಿ ಮಾಮೂಲು. ದೋಣಿಗಳು ಹಗ್ಗ ಹರಿದುಕೊಳ್ಳುವ ಹಾಗೆ ಜಗ್ಗುತ್ತಿದ್ದವು. ನಮಗೆ ತೋರಿಸಿದ್ದ ಜಾಗಕ್ಕೆ ನುಗ್ಗುವಾಗ ಗಾಳಿ ಬೆನ್ನಿಂದ ತಳ್ಳುತ್ತದೆ. ದೋಣಿಗೆ ಬ್ರೇಕ್ ಇಲ್ಲ ಅಲ್ವಾ? ಗಾಳಿಗೆ ಮುಖ ಮಾಡಿ ಒಳಗೆ ಬರುವ ಹಾಗಿದ್ದರೆ ಗಾಳಿಯೇ ನಿಧಾನ ಮಾಡಿಸುತ್ತದೆ.

ಇನ್ನೊಂದು ಮರೀನಾದಲ್ಲಿ ಒಬ್ಬರ ಪುಟ್ಟ ದೋಣಿ ಕೇಳಿ ತೆಗೆದುಕೊಂಡು, ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಬಾಯಿಯ ಹತ್ತಿರ ಇಳಿಬಿಟ್ಟೆ. ಅಡಿಗೊಂದು ಕೆಂಪು ನೂಲಿನ ಗಂಟು. ಅಪ್ಪ ಗಂಗೊಳ್ಳಿ ಅಳಿವೆಯಲ್ಲಿ ಹೀಗೇ ಅಳೆಯುತ್ತಿದ್ದದ್ದು. ಸಾಮಾನ್ಯ ಇಳಿತದಲ್ಲಿ ಐದೂವರೆ ಅಡಿ ಸಿಕ್ಕಿತು. ಈ ಕೊಲ್ಲಿಯಲ್ಲಿ ವರ್ಷದ ಕೆಲವು ದಿನ ಇಳಿತ ಈ ಸಾಮಾನ್ಯ ಮಟ್ಟಕ್ಕಿಂತಲೂ ಒಂದೂವರೆ ಅಡಿ ಕೆಳಗೆ ಹೋಗುತ್ತದೆ. ಆಗ ಉಳಿಯುವುದು 4 ಅಡಿ. ನಮ್ಮ ದೋಣಿಗೆ ಬೇಕಾದದ್ದೇ 4 ಅಡಿ. ಹೂಳಿನಲ್ಲಿ ಕೂತುಬಿಡುತ್ತಿತ್ತು. ಕಚೇರಿಯಲ್ಲಿ ಕೇಳಿದರೆ ಹೂಳು ಯಾವಾಗ ತೆಗೆಸುತ್ತೇವೋ ಗೊತ್ತಿಲ್ಲ ಅಂದರು.

ಕೊನೆಗೆ ಅಲಮೇಡಾದ ಒಂದು ಹಳೆಯ ಮರೀನಾ ಆರಿಸಿಕೊಂಡೆವು. ಸೇತುವೆ ಕಾಣುವುದಿಲ್ಲ. ಓಕ್ಲೆಂಡ್ ಕಡೆಗೂ ಅಲಮೇಡಾ ದ್ವೀಪಕ್ಕೂ ನಡುವಿನ ಕಾಲುವೆಯಲ್ಲಿದೆ, ಹಾಗಾಗಿ ಗಾಳಿ ಕಮ್ಮಿ. ನೀರು ಆಳ ಇದೆ. ಹತ್ತು ನಿಮಿಷದ ದಾರಿಯಲ್ಲಿ ದೋಣಿಯನ್ನು ಪಟ್ಟಿಯಲ್ಲಿ ಎತ್ತುವ ಟ್ರಾವೆಲ್ ಲಿಫ್ಟ್ ಇದೆ, ಕೆಲಸ ಮಾಡಿಕೊಳ್ಳಲು ಯಾರ್ಡ್ ಇದೆ. ಸಿಹಿನೀರಿನ ದೋಣಿಯನ್ನು ಉಪ್ಪುನೀರಿಗೆ ಇಳಿಸುವ ಮೊದಲು ಅಡಿಗೆ ಬೇರೆ ಬಣ್ಣ ಬಳಿಯಬೇಕು. ತುಕ್ಕು ತನ್ನ ಮೇಲೆಳೆದುಕೊಳ್ಳುವ ಮೆಗ್ನೀಸಿಯಂ ತುಂಡು ತೆಗೆದು ಸತುವಿನದ್ದು ಹಾಕಬೇಕು. ಯಾರ್ಡ್ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಈಗ ನಮ್ಮ ಊರಿನ ಮಾತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೋಣಿ ವರ್ಷವಿಡೀ ನೀರಿನಲ್ಲೇ ಇರುತ್ತದೆ. ಶಿಕಾಗೋದಲ್ಲಿ ಹಾಗಲ್ಲ. ಅಲ್ಲಿ ಮೇ 1ರಿಂದ ಅಕ್ಟೋಬರ್ 31ರ ತನಕ ಮಾತ್ರ. ಆಮೇಲೆ ಚಳಿಗಾಲಕ್ಕೆ ದೋಣಿಗಳನ್ನು ಮೇಲೆತ್ತಿ ನೆಲದ ಮೇಲೆ ಇಡುತ್ತಾರೆ. ಶರತ್ಕಾಲದಲ್ಲಿ ಹಾಯಿದೋಣಿಗಳು ನದಿಯ ಯಾರ್ಡುಗಳಿಗೆ ಹೋಗಲಿ ಅಂತ ಪೇಟೆಯ ನಡುವಿನ ಸೇತುವೆಗಳನ್ನೇ ಬುಧವಾರ, ಶನಿವಾರ ಎತ್ತಿ ದಾರಿ ಬಿಡುತ್ತಾರೆ. ನಮ್ಮ ಕರಾವಳಿ ಇರುವುದು ಶಿಕಾಗೋದ ಹಾಗೆ. ಅಲ್ಲಿ ಹಿಮ, ಇಲ್ಲಿ ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡಲಿಗೆ ಹಾಯಿದೋಣಿ ಇಳಿಸುವವರು ಯಾರು? ಆ ನಾಲ್ಕು ತಿಂಗಳು ದೋಣಿಗಳು ಎಲ್ಲಿ ಇರಬೇಕು? ನಾನು ಓದಿದ ಯಾವ ಸುದ್ದಿಯಲ್ಲೂ ಈ ಪ್ರಶ್ನೆ ಕಾಣಲಿಲ್ಲ. ಕೊಚ್ಚಿಯ ಬೋಲ್ಗಟ್ಟಿಯಲ್ಲಿ 2010ರಿಂದ ಮರೀನಾ ಇದೆ. ಅದು ಹಿನ್ನೀರಿನ ಒಳಗಿದೆ, ಮಳೆಗಾಲದ ಕಡಲಿನ ಹೊಡೆತ ಅಲ್ಲಿಗೆ ನೇರ ಬರುವುದಿಲ್ಲ. ತೆರೆದ ಕಡಲಿನ ದಡದಲ್ಲಿ ಕಟ್ಟುವುದಾದರೆ ಆ ಲೆಕ್ಕವೇ ಬೇರೆ.

ಅದಕ್ಕೇ ನನ್ನ ಕೋರಿಕೆ. ಮರೀನಾ ಕಟ್ಟುವುದಾದರೆ ಹೋಟೆಲಿಗಿಂತ ಮೊದಲು ಒಂದು ಟ್ರಾವೆಲ್ ಲಿಫ್ಟ್, ನಾಲ್ಕೈದು ಎಕರೆ ಗಟ್ಟಿ ನೆಲ ಇಡಿ. ಅದು ಬರೀ ಹಾಯಿದೋಣಿಯವರಿಗೆ ಅಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ನಮ್ಮ ಬೋಟುಗಳ ರಿಪೇರಿ ನಡೆಯುವುದೂ ಆಗಲೇ. ನಮ್ಮ ಅಣ್ಣ ಈಗಲೂ ಹಗ್ಗ, ಉರುಳೆ, ಇಪ್ಪತ್ತು ಜನರ ಹೆಗಲು ನೆಚ್ಚಿಕೊಂಡು ಬೋಟು ಎಳೆಸುತ್ತಾನೆ. ಹೋದ ವರ್ಷ ಒಬ್ಬ ಹುಡುಗನ ಕಾಲಿನ ಮೇಲೆ ಉರುಳೆ ಹರಿಯಿತು. ಅದೇ ಲಿಫ್ಟು ಸರಿಯಾದ ಬಾಡಿಗೆಗೆ ಅವರಿಗೂ ಸಿಗುವ ಹಾಗೆ ಮಾಡಿದರೆ, ಮಲ್ಪೆ, ಗಂಗೊಳ್ಳಿಗಳಲ್ಲಿ ಫೈಬರ್ ಕೆಲಸ ಬಲ್ಲ ಕೈಗಳಿಗೆ ವರ್ಷಪೂರ್ತಿ ಕೆಲಸ ಸಿಗುತ್ತದೆ. ಹೂಳು ತೆಗೆಯಲು ಪ್ರತಿ ವರ್ಷದ ಹಣ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಯೋಜನೆಯ ಮೊದಲ ಪುಟದಲ್ಲೇ ಬರೆಯಿರಿ. ಗಂಗೊಳ್ಳಿ ಅಳಿವೆಯ ಹೂಳಿನ ಕಷ್ಟ ಗೊತ್ತಿರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಬರುವ ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಸೀಸದ ಗುಂಡು, ಕೆಂಪು ನೂಲಿನ ಗಂಟಿನ ಹಗ್ಗ ಪೆಟ್ಟಿಗೆಯಲ್ಲಿ ಇರುತ್ತದೆ. ಅಣ್ಣನ ದೋಣಿಯಲ್ಲಿ ಹೋಗಿ, ಮರೀನಾಕ್ಕೆ ಅಂತ ಹೆಸರು ಕೇಳಿಬಂದ ಎರಡೂ ಕಡೆ, ಹುಣ್ಣಿಮೆಯ ಮರುದಿನದ ಇಳಿತದಲ್ಲಿ ಆಳ ಅಳೆದು ಆ ಅಂಕಿಗಳನ್ನು ನಿಮಗೆ ಕಳಿಸುತ್ತೇನೆ. ದಯವಿಟ್ಟು ಪ್ರಕಟಿಸಿ.

ಗಂಗೊಳ್ಳಿ ಮೂಲದ ಓದುಗಿ,
ಅಲಮೇಡಾ, ಕ್ಯಾಲಿಫೋರ್ನಿಯಾ