ಶಾಸಕರೇ, ನಾನು ಹೌಸ್‌ಕೀಪಿಂಗ್ ಅಲ್ಲ

ಮಾನ್ಯ ಶಾಸಕರಿಗೆ ನಾಪೋಕ್ಲಿನಿಂದ ನಮಸ್ಕಾರ.

ಮಡಿಕೇರಿಯ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಒಂಬತ್ತು ವರ್ಷದಿಂದ ನಾನು ಅಸಿಸ್ಟೆಂಟ್. ಪಿಯುಸಿ ಮುಗಿಸಿ ಸೇರಿದವಳು, ಕೆಲಸ ಕಲಿತದ್ದು ಪೇಷೆಂಟ್ ಕುರ್ಚಿಯ ಪಕ್ಕ ನಿಂತೇ. ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿ ಜುಲೈ ಮಳೆಯ ತಣ್ಣೀರಿನಲ್ಲಿ ಬೇಗ ಗಟ್ಟಿಯಾಗುವುದಿಲ್ಲ, ಏಪ್ರಿಲ್‌ನಲ್ಲಿ ಸ್ವಲ್ಪ ತಡಮಾಡಿದರೂ ಬಟ್ಟಲಲ್ಲೇ ಕೂತುಬಿಡುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಕೈಗೇ ಗೊತ್ತಾಯಿತು. ಉಪಕರಣಗಳನ್ನು ಬಿಸಿ ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೊಕ್ಲೇವ್ ಯಂತ್ರ 121 ಡಿಗ್ರಿಗೆ ಏರಿ 15 ನಿಮಿಷವಾದರೂ ನಿಲ್ಲದೆ ಒಂದು ಕನ್ನಡಿಯನ್ನೂ ನಾನು ಟ್ರೇಗೆ ಇಡುವುದಿಲ್ಲ.

ಹೋದ ವರ್ಷ ಒಂದು ಉದ್ಯೋಗ ಮೇಳಕ್ಕೆ ಹೋಗಿದ್ದೆ. ಅರ್ಧ ದಿನದ ಸಂಬಳ ಬಿಟ್ಟು, ಮಳೆಯಲ್ಲಿ ನೆನೆದು. (ಶಕ್ತಿ ಯೋಜನೆಯ ಫ್ರೀ ಟಿಕೆಟ್ ಚೆನ್ನಾಗಿದೆ, ನಮ್ಮ ಕಡೆ ಓಡೋದು ಜಾಸ್ತಿ ಪ್ರೈವೇಟ್ ಬಸ್ಸು, ಅದು ಬೇರೆ ಕಥೆ.) ಟೇಬಲ್ ಹಿಂದೆ ಕೂತವರು ಸರ್ಟಿಫಿಕೇಟ್ ಕೇಳಿದರು. ಇಲ್ಲ ಸರ್, ಅನುಭವ ಇದೆ ಅಂದೆ. ಅವರು ಪೂರ್ತಿ ಕೇಳಲೂ ಇಲ್ಲ. ನನ್ನೆದುರೇ ಅರ್ಜಿಯ ಮೇಲೆ ಕೆಂಪು ಪೆನ್ನಿನಲ್ಲಿ 'ಹೌಸ್‌ಕೀಪಿಂಗ್' ಅಂತ ಬರೆದು ಹಾಳೆ ವಾಪಸ್ ತಳ್ಳಿದರು. ಕಸ ಗುಡಿಸೋದು ಕೀಳು ಅಂತ ನಾನು ಹೇಳ್ತಿಲ್ಲ, ಅಮ್ಮ ಕಾಫಿ ತೋಟದಲ್ಲಿ ದುಡಿದೇ ನನ್ನನ್ನು ಸಾಕಿದ್ದು. ಆದರೆ ನನ್ನ ಕೆಲಸ ಅದಲ್ಲ ಅಲ್ವಾ? ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ, ಬೇಕಾದರೆ ತೋರಿಸುತ್ತೇನೆ.

1948ರ ದಂತವೈದ್ಯರ ಕಾಯ್ದೆಯಲ್ಲಿ ಡಾಕ್ಟರ್, ಹಲ್ಲು ಕ್ಲೀನ್ ಮಾಡುವ ಹೈಜೀನಿಸ್ಟ್, ಕಟ್ಟುಹಲ್ಲು ತಯಾರಿಸುವ ಮೆಕ್ಯಾನಿಕ್ ಮೂವರಿಗೂ ರಿಜಿಸ್ಟರ್ ಇತ್ತು, ನಮಗಿರಲಿಲ್ಲ. 2023ರಲ್ಲಿ ಅದರ ಬದಲಿಗೆ ರಾಷ್ಟ್ರೀಯ ದಂತ ಆಯೋಗದ ಹೊಸ ಕಾಯ್ದೆ ಬಂತು, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅನುಭವ ಇದ್ದವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಕೂಡ ಕೌಶಲ್ಯ ಯೋಜನೆಯಲ್ಲಿದೆ, ಅದೂ ಗೊತ್ತಿರುತ್ತದೆ. ಹಾಗಾದರೆ ಕೊಡಗಿನಲ್ಲಿ ನಮಗೆ ಯಾಕೆ ಆ ಪರೀಕ್ಷೆ ಇಡಬಾರದು? ಮೈಸೂರಿಗೆ ಹೋಗಿ ಕಲಿಯಿರಿ ಅನ್ನೋದು ಸುಲಭ. ಹಾಸ್ಟೆಲ್ ಫೀಸ್ ನೀವು ಕಟ್ತೀರಾ, ಅಮ್ಮನ ಮಾತ್ರೆ ನೀವು ತರ್ತೀರಾ?

ವಿರಾಜಪೇಟೆಯಲ್ಲಿ ಡೆಂಟಲ್ ಕಾಲೇಜಿದೆ, ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಒಂದು ಕೋಣೆ, ಒಂದು ಡೆಂಟಲ್ ಕುರ್ಚಿ, ಒಂದು ದಿನ ಸಿಗಲ್ವಾ? ಸುಮ್ನೆ ಸರ್ಟಿಫಿಕೇಟ್ ಕೊಡಿ ಅಂತ ಕೇಳ್ತಿಲ್ಲ. ಪರೀಕ್ಷೆ ಮಾಡಿ, ಪಾಸಾದರೆ ಕೊಡಿ. ಹೊಸದಾಗಿ ಸೇರೋ ಹುಡುಗಿಯರಿಗೆ ಕೊಡಗಿನಲ್ಲೇ ಒಂದು ಕೋರ್ಸ್ ಮಾಡಿ. ಮತ್ತೆ ಹೇಳ್ತೇನೆ, ಪರೀಕ್ಷೆ ಮಾಡಿ.

ಭಾನುವಾರ ಇಟ್ಟರೆ ಒಳ್ಳೆಯದು, ಸಂಬಳ ಕಟ್ ಆಗಲ್ಲ.

ಇಂತಿ,
ನಾಪೋಕ್ಲಿನ ಒಬ್ಬಳು ಡೆಂಟಲ್ ಅಸಿಸ್ಟೆಂಟ್