ಹೊಸ ಟೇಪಿಗೆ ಮೊದಲು ಹಳೆಯದನ್ನು ಬಿಚ್ಚಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆ ರೇಸ್ ಸೈಕಲ್‌ಗಳನ್ನು ಸರಿಮಾಡಿ ಓಡಿಸುವವರ ಬಗ್ಗೆ ಬಂದ ಬರಹ ಓದಿ ತುಂಬಾ ಖುಷಿಯಾಯಿತು. ಒಂದು ಮಾತು ಮಾತ್ರ ಒಪ್ಪಲಾಗಲಿಲ್ಲ. ಹಳೆ ಸೈಕಲ್ಲಿನ ಹ್ಯಾಂಡಲ್ಲಿಗೆ ಹಿಡಿತಕ್ಕಾಗಿ ಸುತ್ತಲು ಕಂದು ಚರ್ಮ ಇಲ್ಲವೇ ಕಪ್ಪು ಟೇಪೇ ಸರಿ, ಬಣ್ಣದ್ದೆಲ್ಲ ಈಗಿನ ಹುಡುಗರ ಶೋಕಿ ಎಂದು ಅದರಲ್ಲಿತ್ತು. ಹಾಗಲ್ಲ.

1970, 80ರ ದಶಕದ ರೇಸ್ ಸೈಕಲ್‌ಗಳು ಬಣ್ಣದ ಹಬ್ಬವೇ ಆಗಿದ್ದವು. ಬೆನೊಟ್ಟೊ ಕಂಪನಿಯ ತೆಳು ಪ್ಲಾಸ್ಟಿಕ್ ಟೇಪು ಫಳಫಳ ಹೊಳೆಯುತ್ತಿತ್ತು. ನೋಡಲು ಚೆಂದ, ಆದರೆ ಮೆತ್ತಗಿಲ್ಲ, ಕೈ ಬೆವೆತರೆ ಜಾರುತ್ತಿತ್ತು. ಬಟ್ಟೆಯ ಟೇಪು ಹಿಡಿತಕ್ಕೆ ಒಳ್ಳೆಯದು, ಬೇಗ ಕೊಳಕಾಗುತ್ತಿತ್ತು. 80ರ ದಶಕದ ಕೊನೆಗೆ ಕಾರ್ಕ್ ಪುಡಿ ಬೆರೆಸಿದ ಮೆತ್ತನೆ ಟೇಪು ಬಂತು. ಚೌಕಟ್ಟಿನ ಬಣ್ಣವೂ ಒಂದರಿಂದ ಇನ್ನೊಂದಕ್ಕೆ ಜಾರುವ ಫ್ಯಾಷನ್ ಆಗ ಜೋರಾಗಿತ್ತು. ನಮ್ಮ ಹೆಣ್ಣುಮಕ್ಕಳ ಡಬಲ್ ಶೇಡ್ ಸೀರೆಯಲ್ಲಿ ಇರುತ್ತಲ್ಲ, ಹಾಗೆ. ಈಗ ಸಿಗುವ ಶೇಡ್ ಟೇಪು ಆ ಕಾಲದ್ದೇ ನೆನಪು. ಇಟಲಿಯ ಟಸ್ಕನಿಯಲ್ಲಿ 1997ರಿಂದ ಲೆರೋಯಿಕಾ ಎಂಬ ಹಳೆ ಸೈಕಲ್‌ಗಳ ಸವಾರಿ ನಡೆಯುತ್ತಿದೆ. ಗೇರ್ ಬದಲಿಸುವ ಲಿವರ್ ಚೌಕಟ್ಟಿನ ಮೇಲೇ ಇರಬೇಕು ಎನ್ನುವಷ್ಟು ಕಟ್ಟುನಿಟ್ಟು. ಅಲ್ಲಿ ಕೂಡ ಹ್ಯಾಂಡಲ್‌ಗಳು ಬಣ್ಣಬಣ್ಣದವೇ.

ನನ್ನದು 1991ರಲ್ಲಿ ಪುಣೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಸೈಕಲ್. ಸೊಲ್ಲಾಪುರದಲ್ಲಿ ಇಳಿಸಿ, ಮೀಟರ್ ಗೇಜ್ ರೈಲಿಗೆ ಹತ್ತಿಸಿ, ಆಗಿನ ಬಿಜಾಪುರಕ್ಕೆ ತಂದಿದ್ದೆ. ಮುಂದೆ ನೀಲಿ, ಹಿಂದೆ ಬರುಬರುತ್ತಾ ಗುಲಾಬಿ. ಟಗರಿನ ಕೊಂಬಿನಂಥ ಹ್ಯಾಂಡಲ್ಲು. ಸಿಂದಗಿ ರಸ್ತೆಯಲ್ಲಿ ಅದನ್ನು ಎಷ್ಟು ತುಳಿದಿದ್ದೇನೋ ಲೆಕ್ಕವಿಲ್ಲ. ಹೋದ ವರ್ಷ ಮಗಳು ಬೆಂಗಳೂರಿನಿಂದ ನೀಲಿ-ಗುಲಾಬಿ ಶೇಡ್ ಟೇಪು ತಂದುಕೊಟ್ಟಳು. ಪೊಟ್ಟಣ ಬಿಚ್ಚಿದಾಗ ಕಣ್ಣು ತುಂಬಿ ಬಂತು.

ಈ ಪತ್ರ ಬರೆಯಲು ನಿಜವಾದ ಕಾರಣ ಬೇರೆ ಇದೆ. ನಾಲ್ಕು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಟೇಪು ಹಾಕಿಸಿದ್ದೆ. ಅವರು ಹಳೆ ಟೇಪು ತೆಗೆಯದೆ ಅದರ ಮೇಲೇ ಹೊಸದು ಸುತ್ತಿಬಿಟ್ಟಿದ್ದರು. ದಪ್ಪಗಾಗಿದೆ, ಕೈಗೆ ಹಿತ ಅಂದುಕೊಂಡು ನಾನೂ ಸುಮ್ನೆ ಓಡಿಸಿದೆ. ಮಗಳು ತಂದದ್ದು ಹಾಕಲು ಎರಡೂ ಪದರ ಬಿಚ್ಚಿದರೆ, ಬಲಗಡೆ ಬ್ರೇಕ್ ಹಿಡಿಯ ಕೆಳಗೆ ಬೆಳ್ಳನೆ ಪುಡಿ. ಒರೆಸಿದರೆ ಅಲ್ಯೂಮಿನಿಯಂನಲ್ಲಿ ಜೋಳದ ಕಾಳಿನಷ್ಟು ಗುಳಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬೆವರಿನ ಉಪ್ಪು ಟೇಪಿನೊಳಗೆ ಇಳಿದು, ಆರದೆ, ಲೋಹವನ್ನು ತಿಂದಿತ್ತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಮುರಿದಿದ್ದರೆ? ಈಗ ನೆನೆದರೂ ಎದೆ ನಡುಗುತ್ತದೆ. ಆ ಹ್ಯಾಂಡಲ್ ತೆಗೆದಿಟ್ಟು ಬೇರೆ ಹಾಕಿದೆ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಎಷ್ಟೋ ಮನೆಗಳಲ್ಲಿ ಅಣ್ಣನದೋ ಕಾಕಾನದೋ ರೇಸ್ ಸೈಕಲ್ ಮೂಲೆಯಲ್ಲಿ ನಿಂತಿದೆ. ನಿಮ್ಮ ಬರಹ ಓದಿ ಅದನ್ನು ಹೊರಗೆ ತೆಗೆಯುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ದಯವಿಟ್ಟು ಅವರಿಗೆ ಹೇಳಿ: ಯಾವ ಬಣ್ಣವಾದರೂ ಹಾಕಿ, ಮೊದಲು ಹಳೆಯದನ್ನು ಪೂರ್ತಿ ಬಿಚ್ಚಿ ನೋಡಿ. ಗುಳಿ, ಬಿರುಕು ಕಂಡರೆ ಆ ಹ್ಯಾಂಡಲ್ ಬೇಡವೇ ಬೇಡ.

ಸುತ್ತುವಾಗ ತುದಿಯಿಂದ ಶುರುಮಾಡಿ ನಡುವಿನ ಕಡೆಗೆ ಬನ್ನಿ. ಆಗ ಅಂಗೈ ಒತ್ತಿದರೂ ಅಂಚು ಎದ್ದು ಬರುವುದಿಲ್ಲ. ಪ್ರತಿ ಸುತ್ತೂ ಹಿಂದಿನದರ ಮೂರನೇ ಒಂದು ಭಾಗದ ಮೇಲೆ ಕೂರಲಿ. ಕಾರ್ಕ್ ಟೇಪನ್ನು ಜಾಸ್ತಿ ಎಳೆದರೆ ಹರಿಯುತ್ತದೆ. ಶೇಡ್ ಟೇಪಿಗೆ ತಾಳ್ಮೆ ಇನ್ನೂ ಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದರೆ ಎಡಗಡೆ ಬ್ರೇಕ್ ಹತ್ತಿರ ಗುಲಾಬಿ ಬಂದಾಗ ಬಲಗಡೆ ಇನ್ನೂ ನೀಲಿಯೇ ಇರುತ್ತದೆ. ನಾನು ಮೂರು ಸಲ ಬಿಚ್ಚಿ ಸುತ್ತಿದೆ. ನಾಲ್ಕನೇ ಸಲಕ್ಕೆ ಎರಡೂ ಕಡೆ ಬಣ್ಣ ಒಂದೇ ಜಾಗದಲ್ಲಿ ತಿರುಗಿತು.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ವಿಜಯಪುರ