ಸಂಬಳದ ಪುಸ್ತಕ ಮುಚ್ಚಿಟ್ಟು ಸಮಾನ ವೇತನದ ಮಾತೇ?

ಮಾನ್ಯ ಸಂಪಾದಕರೇ,

ಹಳೆಯ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿ ಕೇಂದ್ರ ಸರ್ಕಾರ ಮಾಡಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ಪರ-ವಿರೋಧದ ಗಲಾಟೆ ನಿಂತಿಲ್ಲ. ಒಂದು ಕಡೆಯವರು ಹೆಂಗಸರಿಗೆ ಸಮಾನ ವೇತನ ತಂದೆವು ಅನ್ನುತ್ತಾರೆ. ಇನ್ನೊಂದು ಕಡೆಯವರ ಮಾತೆಲ್ಲ ಮುಷ್ಕರದ ಹಕ್ಕು, ಕೆಲಸದಿಂದ ತೆಗೆಯುವ ನಿಯಮದ ಬಗ್ಗೆ. ಅದೂ ಬೇಕಾದ್ದೇ. ಆದರೆ ಸಮಾನ ವೇತನದ ಕಲಮುಗಳನ್ನು ಇವರಿಬ್ಬರಲ್ಲಿ ಎಷ್ಟು ಜನ ಓದಿದ್ದಾರೋ ಗೊತ್ತಿಲ್ಲ. ಈ ಕಡೆಯ ಗೇರುಬೀಜದ ಫ್ಯಾಕ್ಟರಿ, ಬಟ್ಟೆ ಅಂಗಡಿಗಳ ಸಂಬಳದ ಪುಸ್ತಕ ಬರೆದೇ ನನ್ನ ನೌಕರಿ ಮುಗಿದದ್ದು. ಹಾಗಾಗಿ ಸುಮ್ಮನಿರಲು ಆಗಲಿಲ್ಲ.

ಇದೇನು ಹೊಸ ಕಾನೂನಲ್ಲ. ತುರ್ತು ಪರಿಸ್ಥಿತಿಯ ಹೊತ್ತಿನಲ್ಲೇ, 1975ರಲ್ಲಿ, ಸಮಾನ ವೇತನದ ಸುಗ್ರೀವಾಜ್ಞೆ ಬಂತು. 1976ರಲ್ಲಿ ಅದು ಕಾಯ್ದೆಯಾಯಿತು. ಈಗ ಆ ಕಾಯ್ದೆಯನ್ನು 2019ರ ವೇತನ ಸಂಹಿತೆಯೊಳಗೆ ಸೇರಿಸಿದ್ದಾರೆ. ಸೇರಿಸುವಾಗ ಒಂದಿಷ್ಟು ಬಿಟ್ಟುಹೋಗಿದೆ, ಒಂದು ಪದ ಹೊಸದಾಗಿ ಬಂದು ಕೂತಿದೆ.

ಗೇರುಬೀಜದ ಗ್ರೇಡಿಂಗ್ ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾದೀತು. ಒಂದು ಪೌಂಡಿಗೆ 240ರೊಳಗೆ ತಿರುಳು ಬಂದರೆ ಡಬ್ಲ್ಯೂ-240. 320ರೊಳಗೆ ಬಂದರೆ ಡಬ್ಲ್ಯೂ-320. ದರದಲ್ಲಿ ವ್ಯತ್ಯಾಸ ಇದೆ. ಮೇಜಿನ ಮುಂದೆ ಕೂತ ಹೆಂಗಸು ಇದನ್ನು ತೂಗಿ ನೋಡುವುದಿಲ್ಲ, ಎಣಿಸುವುದೂ ಇಲ್ಲ. ಕಣ್ಣಲ್ಲೇ ಅಳೆದು ಬೆರಳಲ್ಲಿ ಸರಿಸುತ್ತಾಳೆ. ತುಂಡು ಬೇರೆ, ಕಪ್ಪಾದದ್ದು ಬೇರೆ, ಸಿಪ್ಪೆ ಉಳಿದದ್ದು ಬೇರೆ. ನಾನು ಪುಸ್ತಕ ಬರೆದ ಒಂದು ಕಡೆ ಇವರ ಹೆಸರಿನ ಮುಂದೆ ಇದ್ದದ್ದು ‘ಹೆಲ್ಪರ್’ ಎಂದು. ಅದೇ ಕೋಣೆಯಲ್ಲಿ ಅದೇ ತಿರುಳನ್ನು ಇನ್ನೊಮ್ಮೆ ನೋಡಿ ಡಬ್ಬಕ್ಕೆ ಕಳಿಸುವ ಗಂಡಸು ‘ಚೆಕರ್’. ಅವನಿಗೆ ತಿಂಗಳ ಸಂಬಳ, ಇವರಿಗೆ ಕಿಲೋ ಲೆಕ್ಕ. ಇವರು ರಜೆ ಹಾಕಿದ ದಿನ ಅವನು ಗ್ರೇಡಿಂಗಿಗೆ ಕೂರುತ್ತಿದ್ದ, ಅವನು ಬಾರದ ದಿನ ಇವರಲ್ಲೊಬ್ಬಳು ಚೆಕಿಂಗ್ ಮಾಡುತ್ತಿದ್ದಳು. ಪುಸ್ತಕದಲ್ಲಿ ಮಾತ್ರ ಎರಡೂ ಬೇರೆ ಬೇರೆ ಕೆಲಸ.

ಕಾನೂನು ಹಿಡಿಯಬೇಕಾದ್ದು ಇದನ್ನೇ ಅಲ್ವಾ? ‘ಒಂದೇ ಬಗೆಯ ಕೆಲಸ’ ಎಂದರೇನು ಅಂತ ಹೇಳುವಾಗ ಹಳೆಯ ಕಾಯ್ದೆ ಕೌಶಲ, ಶ್ರಮ, ಜವಾಬ್ದಾರಿ ಎಂದಿತ್ತು. ಹೊಸ ಸಂಹಿತೆ ಅದಕ್ಕೆ ‘ಅನುಭವ’ವನ್ನೂ ಸೇರಿಸಿದೆ. ಕೇಳಲಿಕ್ಕೆ ನ್ಯಾಯವೇ. ಆದರೆ ಹೆರಿಗೆ, ಮಗು, ಹಾಸಿಗೆ ಹಿಡಿದ ಅತ್ತೆ ಅಂತ ನಾಲ್ಕು ವರ್ಷ ಮನೆಯಲ್ಲಿದ್ದು ಬಂದವಳ ಅನುಭವದಲ್ಲಿ ನಾಲ್ಕು ವರ್ಷ ಖೋತಾ. ಕೈಚಳಕ ಅಷ್ಟೇ ಇದ್ದರೂ ಧಣಿಗೆ ಒಂದು ನೆಪ ಸಿಕ್ಕಿತು.

ಬಡ್ತಿ, ತರಬೇತಿ, ವರ್ಗಾವಣೆಯಲ್ಲಿ ಭೇದ ಮಾಡಬಾರದೆಂದು ಹಳೆಯದರಲ್ಲಿ ಹೆಸರಿಸಿಯೇ ಹೇಳಿತ್ತು. ಹೊಸದರಲ್ಲಿ ನೇಮಕ ಮತ್ತು ಕೆಲಸದ ಷರತ್ತು ಅಂತಷ್ಟೇ ಇದೆ. ಮೊದಲು ಮಾನ್ಯತೆ ಪಡೆದ ಸಮಾಜಸೇವಾ ಸಂಸ್ಥೆಗಳೂ ಕೋರ್ಟಿಗೆ ದೂರು ಕೊಡಬಹುದಿತ್ತು. ಈಗ ಆ ಪಟ್ಟಿಯಲ್ಲಿ ಅವುಗಳ ಹೆಸರಿಲ್ಲ. ನೌಕರರೇ ಕೊಡಬೇಕು, ಇಲ್ಲವೇ ನೋಂದಾಯಿತ ಯೂನಿಯನ್ ಅಥವಾ ಅಧಿಕಾರಿ. ಐದಾರು ಹುಡುಗಿಯರಿರುವ ಬಟ್ಟೆ ಅಂಗಡಿಯಲ್ಲಿ ಯೂನಿಯನ್ ಎಲ್ಲಿಂದ ಬರಬೇಕು ಮಾರಾಯ್ರೆ?

ಯೂನಿಯನ್ ಇದ್ದರೂ ಒಮ್ಮೊಮ್ಮೆ ಇಲ್ಲದಂತೆಯೇ. ಮುಂಬಯಿಯ ಮೆಕಿನನ್ ಮೆಕೆಂಜಿ ಕಂಪನಿಯ ಆಡ್ರಿ ಡಿ'ಕೋಸ್ಟಾ ಪ್ರಕರಣ ನೋಡಿ. ಹೆಸರು ಕೇಳಿದರೆ ನಮ್ಮ ಕಡೆಯವರೇ ಅನ್ನಿಸುತ್ತದೆ. ಮಹಿಳಾ ಸ್ಟೆನೋಗಳಿಗೆ ಗಂಡಸರಿಗಿಂತ ಕಡಿಮೆ ಸಂಬಳ ಕೊಡುವ ಒಪ್ಪಂದಕ್ಕೆ ಯೂನಿಯನ್ನೇ ಸಹಿ ಹಾಕಿತ್ತು. ಸುಪ್ರೀಂ ಕೋರ್ಟ್ 1987ರಲ್ಲಿ ಅದನ್ನು ಒಪ್ಪಲಿಲ್ಲ. ಕೊಡಲು ಹಣವಿಲ್ಲ ಎಂಬ ಕಂಪನಿಯ ವಾದವನ್ನೂ ಕೇಳಲಿಲ್ಲ. ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ.

ಆ ಸ್ಟೆನೋಗಳಿಗೆ ಗಂಡಸರ ಸಂಬಳ ಎಷ್ಟೆಂದು ಗೊತ್ತಿತ್ತು. ನಮ್ಮವರಿಗೆ ಅದೇ ಗೊತ್ತಿರುವುದಿಲ್ಲ. ಹೊಸ ಸಂಹಿತೆಯಲ್ಲಿ ಸಂಬಳದ ಚೀಟಿ ಕಡ್ಡಾಯ, ಒಳ್ಳೆಯದೇ ಆಯಿತು. ಆದರೆ ಅದರಲ್ಲಿ ಕಾಣುವುದು ಅವರವರ ಸಂಬಳ ಮಾತ್ರ. ಪಕ್ಕದವನದ್ದು ಕೇಳಿದರೆ “ನಿನಗ್ಯಾಕೆ ಊರಿನ ಉಸಾಬರಿ” ಅನ್ನುತ್ತಾರೆ. ಅಮೆರಿಕದ ಟೈರ್ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದ ಲಿಲಿ ಲೆಡ್‌ಬೆಟರ್ ಅವರಿಗೂ ತನಗೆ ಗಂಡಸರಿಗಿಂತ ಕಡಿಮೆ ಸಂಬಳ ಎಂದು ತಿಳಿದದ್ದು ಯಾರೋ ಗುಟ್ಟಾಗಿ ಇಟ್ಟುಹೋದ ಚೀಟಿಯಿಂದ, ಅದೂ ನೌಕರಿ ಮುಗಿಯುವ ಹೊತ್ತಿಗೆ. ದೂರು ತಡವಾಯಿತೆಂದು ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲಿ ತಳ್ಳಿಹಾಕಿತು. 2009ರಲ್ಲಿ ಅವರ ಹೆಸರಿನಲ್ಲೇ ಕಾನೂನು ಬಂತು, ಅವರ ಕೈಗೆ ಹಣ ಬರಲಿಲ್ಲ.

ಬ್ರಿಟನ್ನಿನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಗಂಡು-ಹೆಣ್ಣಿನ ಸಂಬಳದ ಅಂತರವನ್ನು ಪ್ರಕಟಿಸಲೇಬೇಕು ಎಂಬ ನಿಯಮ 2017ರಿಂದ ಇದೆ. ನಮ್ಮಲ್ಲೂ ಶೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳು ಆ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಗೆ ಇಂಥ ಲೆಕ್ಕ ಕೊಡುತ್ತವೆ. ಅಂದರೆ ಆಗದ ಕೆಲಸವೇನಲ್ಲ. ಒಂದು ಕಂಪ್ಯೂಟರು, ಒಬ್ಬ ಗುಮಾಸ್ತ ಸಾಕು.

ನಮ್ಮ ಅಂಗಡಿ, ಫ್ಯಾಕ್ಟರಿಗಳಿಗೆ ಸಂಹಿತೆಯ ನಿಯಮ ಬರೆಯುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಕೇಂದ್ರವನ್ನು ಬೈದು ಕೂರುವ ಬದಲು, ಪ್ರತಿ ಹುದ್ದೆಗೆ ಹೆಂಗಸರಿಗೆ ಸರಾಸರಿ ಎಷ್ಟು, ಗಂಡಸರಿಗೆ ಎಷ್ಟು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಬೇಕೆಂದು ನಿಯಮ ತರಲು ನೋಡಲಿ. ಹಾಗೆ ಮಾಡಿದರೆ ವಿರೋಧ ಪಕ್ಷದವರು ಏನೆನ್ನುತ್ತಾರೋ ನೋಡುವ. ಗೃಹಲಕ್ಷ್ಮಿಯ 2000 ರೂಪಾಯಿ ಸರಿಯೋ ತಪ್ಪೋ ಅಂತ ಎರಡೂ ಕಡೆಯವರು ಜಗಳವಾಡಿದ್ದು ಸಾಕಾಯಿತು. (ಉಚಿತ ಬಸ್ಸಿನ ಮಾತು ಬಿಡಿ. ಖಾಸಗಿ ಬಸ್ಸುಗಳದ್ದೇ ರಾಜ್ಯಭಾರ ಇರುವ ನಮ್ಮ ಜಿಲ್ಲೆಗಳಲ್ಲಿ ಅದರ ಲಾಭ ಎಷ್ಟು ಜನರಿಗೆ ಸಿಕ್ಕಿತು?)

ಬೀಡಿ ಕಟ್ಟುವವರ ಕತೆ ಇದರಲ್ಲಿ ಸೇರಿಸಿಲ್ಲ. ಮನೆಯಲ್ಲಿ ಕೂತು ಕಟ್ಟುವವರು ಹೆಚ್ಚುಕಡಿಮೆ ಎಲ್ಲ ಹೆಂಗಸರೇ, ಹೋಲಿಸಲಿಕ್ಕೆ ಗಂಡಸಿನ ಸಂಬಳವೇ ಇಲ್ಲ. ಅವರಿಗೆ ಈ ಕಲಮುಗಳಿಂದ ಮೂರು ಕಾಸಿನ ಉಪಯೋಗವಿಲ್ಲ. ಆಶಾ, ಅಂಗನವಾಡಿಯವರಿಗೆ ಸರ್ಕಾರವೇ ಸಂಬಳ ಅನ್ನದೆ ಗೌರವಧನ ಕೊಡುತ್ತದೆ. ಮುಂದಿನ ಅಧಿವೇಶನದಲ್ಲಿ ನಮ್ಮ ಕರಾವಳಿಯ ಶಾಸಕರಲ್ಲಿ ಒಬ್ಬರಾದರೂ, ಯಾವ ಪಕ್ಷದವರಾದರೂ ಸರಿ, ಈ ಎರಡನ್ನೂ ಕಾರ್ಮಿಕ ಸಚಿವರ ಮುಂದಿಟ್ಟು ಲಿಖಿತ ಉತ್ತರ ಕೇಳಲಿ. ಉತ್ತರ ಬಂದರೆ ನಿಮ್ಮ ಪತ್ರಿಕೆಯಲ್ಲಿ ಪೂರ್ತಿ ಹಾಕಿ.

– ನಿವೃತ್ತ ಗುಮಾಸ್ತೆ, ಉಡುಪಿ